ಡೇಟ್ ದಾಟಿದ ಮೇಲೆ ಮನೆ ಹೆರಿಗೆ: ನೆದರ್‌ಲ್ಯಾಂಡ್ಸ್‌ನಲ್ಲೂ 42 ವಾರಕ್ಕೆ ಬಾಗಿಲು ಹಾಕುತ್ತಾರೆ

ಮನೆಯಲ್ಲೇ ಹೆರಿಗೆ ಆಗಬೇಕು ಅಂತ ವಾದ ಮಾಡುವವರ ಬಾಯಲ್ಲಿ ಮೊದಲು ಬರುವ ಹೆಸರು ನೆದರ್‌ಲ್ಯಾಂಡ್ಸ್. "ಅಷ್ಟು ಮುಂದುವರಿದ ದೇಶದಲ್ಲೇ ಮನೆಯಲ್ಲಿ ಹೆರುತ್ತಾರೆ, ನಮಗೇನಾಗಿದೆ?" ಅಂತ ಕೇಳುತ್ತಾರೆ. ಮಾತು ಸುಳ್ಳಲ್ಲ. 1990ರ ದಶಕದಲ್ಲಿ ಅಲ್ಲಿ ಹುಟ್ಟುತ್ತಿದ್ದ ಮಕ್ಕಳಲ್ಲಿ ಸುಮಾರು ಮೂರಕ್ಕೆ ಒಂದು ಮನೆಯಲ್ಲೇ ಹುಟ್ಟುತ್ತಿತ್ತು. ಈಗ ಅದು ಅರ್ಧದಷ್ಟಕ್ಕೆ ಇಳಿದಿದೆ. ಆದರೂ ಶ್ರೀಮಂತ ದೇಶಗಳಲ್ಲಿ ಇಷ್ಟೊಂದು ಮನೆ ಹೆರಿಗೆ ಬೇರೆಲ್ಲೂ ಆಗುವುದಿಲ್ಲ.

ಈ ವಾದದಲ್ಲಿ ಬಿಟ್ಟುಹೋಗುವ ಸಂಗತಿ ಒಂದಿದೆ. ಅದೇ ದೇಶದಲ್ಲಿ, 42 ವಾರ ತುಂಬಿತು ಅಂದರೆ ಮನೆ ಹೆರಿಗೆಯ ಲೆಕ್ಕ ಮುಗಿಯಿತು. ಬಸುರಿಯ ಜವಾಬ್ದಾರಿ ಸೂಲಗಿತ್ತಿಯ ಕೈಯಿಂದ ಆಸ್ಪತ್ರೆಯ ಹೆರಿಗೆ ಡಾಕ್ಟರ ಕೈಗೆ ಹೋಗುತ್ತದೆ. ತಾಯಿ ಗಟ್ಟಿಮುಟ್ಟಾಗಿರಲಿ, ಮೊದಲ ಹೆರಿಗೆ ಸಲೀಸಾಗಿ ಆಗಿರಲಿ, ಮನೆ ಪಕ್ಕದಲ್ಲೇ ಆಸ್ಪತ್ರೆ ಇರಲಿ, ನಿಯಮ ಒಂದೇ. ಯಾಕೆ ಹೀಗೆ ಅನ್ನುವುದನ್ನು ತಿಳಿದುಕೊಂಡರೆ, ಡೇಟ್ ದಾಟಿದ ಬಸುರಿಗೆ ಮನೆ ಹೆರಿಗೆ ಪ್ಲಾನ್ ಮಾಡಬಹುದಾ ಅನ್ನೋ ಪ್ರಶ್ನೆಗೆ ಬಹುಪಾಲು ಉತ್ತರ ಸಿಕ್ಕಂತೆ.

ಮೊದಲು ಅಲ್ಲಿನ ಮನೆ ಹೆರಿಗೆ ಹೇಗಿರುತ್ತದೆ ನೋಡಿ. ಆಮ್‌ಸ್ಟೆಲ್‌ವೀನ್, ಐಂಡ್‌ಹೋವನ್ ಕಡೆ ಐಟಿ ಮತ್ತು ಚಿಪ್ ಕಂಪನಿಗಳಲ್ಲಿ ಕೆಲಸ ಮಾಡುವ ಕನ್ನಡದ ಕುಟುಂಬಗಳು ಸಾಕಷ್ಟಿವೆ. ಅಲ್ಲಿ ಬಸುರಿಯಾದವಳು ಮೊದಲು ಹೋಗುವುದು ಗೈನಕಾಲಜಿಸ್ಟ್ ಹತ್ತಿರ ಅಲ್ಲ, 'ವೆರ್ಲೋಸ್ಕುಂದಿಖೆ' ಹತ್ತಿರ. ಅಂದರೆ ನಾಲ್ಕು ವರ್ಷ ಕಾಲೇಜಿನಲ್ಲಿ ಓದಿ ಲೈಸೆನ್ಸ್ ಪಡೆದ ಸೂಲಗಿತ್ತಿ. ಇನ್ಶೂರೆನ್ಸ್ ಕಂಪನಿಯಿಂದ ಮನೆಗೆ ಒಂದು ಡಬ್ಬ ಬರುತ್ತದೆ. ಅದರಲ್ಲಿ ಹಾಸಿಗೆಯ ಮೇಲೆ ಹಾಸೋ ಪ್ಯಾಡು, ಹತ್ತಿ, ಗಾಜ್, ಹೊಕ್ಕುಳಬಳ್ಳಿಗೆ ಹಾಕೋ ಕ್ಲಿಪ್ಪು ಇಂಥವೆಲ್ಲ ಇರುತ್ತವೆ. ಮಂಚದ ಕಾಲಿಗೆ ಕಟ್ಟೆ ಕೊಟ್ಟು ಎತ್ತರ ಮಾಡಿಟ್ಟುಕೊಳ್ಳಬೇಕು, ನರ್ಸ್ ಬಗ್ಗಿ ಬಗ್ಗಿ ಸೊಂಟ ಹಿಡಿಸಿಕೊಳ್ಳಬಾರದಲ್ಲ. ಮಂಚ ತಗ್ಗಾಗಿದ್ದರೆ ಕೆಲಸ ಮಾಡುವುದಿಲ್ಲ ಅಂತ ನೇರವಾಗಿಯೇ ಹೇಳುತ್ತಾರೆ. ಸೂಲಗಿತ್ತಿಯ ಬ್ಯಾಗಿನಲ್ಲಿ ಮಗುವಿನ ಎದೆಬಡಿತ ಕೇಳುವ ಡಾಪ್ಲರ್, ಉಸಿರು ಕೊಡುವ ಬಲೂನಿನಂಥ ಚೀಲ, ಆಕ್ಸಿಜನ್, ರಕ್ತಸ್ರಾವ ನಿಲ್ಲಿಸುವ ಆಕ್ಸಿಟೋಸಿನ್ ಇಂಜೆಕ್ಷನ್ ಇರುತ್ತವೆ. ಫೋನ್ ಮಾಡಿದರೆ ಆಂಬುಲೆನ್ಸ್ ಬರುತ್ತದೆ. ಫೋನ್ ಮಾಡಿದಲ್ಲಿಂದ 45 ನಿಮಿಷದೊಳಗೆ ಆಸ್ಪತ್ರೆ ತಲುಪಬೇಕು ಅನ್ನೋದು ಅಲ್ಲಿ ಬಹುಕಾಲ ಇಟ್ಟುಕೊಂಡು ಬಂದ ಲೆಕ್ಕ. ಹೆರಿಗೆ ಆದ ಮೇಲೂ ಒಂದು ವಾರ, ಹತ್ತು ದಿನ ಬಾಣಂತಿ ನೋಡಿಕೊಳ್ಳೋ ನರ್ಸ್ ಮನೆಗೇ ಬರುತ್ತಾಳೆ. ಬಂದವರಿಗೆಲ್ಲ ಗರಿಗರಿ ರಸ್ಕಿನ ಮೇಲೆ ಬೆಣ್ಣೆ ಸವರಿ ಸಕ್ಕರೆ ಹಚ್ಚಿದ ಸೋಂಪು ಉದುರಿಸಿ ಕೊಡುತ್ತಾರೆ, ನಾವು ಪೇಡ ಹಂಚಿದ ಹಾಗೆ.

ಇದರಲ್ಲಿ 'ಮನೆ' ಅನ್ನುವುದು ಒಂದು ಕೋಣೆ ಮಾತ್ರ. ಉಳಿದಿದ್ದೆಲ್ಲ ಆಸ್ಪತ್ರೆಯ ಜೊತೆ ತಂತಿ ಎಳೆದುಕೊಂಡಿರುವ ವ್ಯವಸ್ಥೆ. ಆ ವ್ಯವಸ್ಥೆಯ ಬೆನ್ನೆಲುಬು ಒಂದು ಪಟ್ಟಿ. ಯಾವ ಬಸುರಿಯನ್ನು ಸೂಲಗಿತ್ತಿ ನೋಡಬಹುದು, ಯಾರನ್ನು ಡಾಕ್ಟರಿಗೆ ಒಪ್ಪಿಸಬೇಕು ಅಂತ ಅದರಲ್ಲಿ ಬರೆದಿದೆ. ಅವಳಿ ಮಕ್ಕಳು, ಬಿಪಿ, ಹಿಂದೆ ಸಿಸೇರಿಯನ್ ಆಗಿದ್ದು, ಮಗು ತಲೆಕೆಳಗಾಗದೆ ಕೂತಿರೋದು ಎಲ್ಲ ಆ ಪಟ್ಟಿಯಲ್ಲಿವೆ. 42 ವಾರ ಕೂಡ ಇದೆ.

ಈಗ ಡೇಟಿನ ಕತೆಗೆ ಬರೋಣ. ಡಾಕ್ಟರು ಕೊಡುವ ಡೇಟ್ ಅಂದರೆ ಕೊನೆಯ ಮುಟ್ಟಿನ ಮೊದಲ ದಿನದಿಂದ 280 ದಿನ, ಅಂದರೆ 40 ವಾರ. ಹತ್ತೊಂಬತ್ತನೇ ಶತಮಾನದ ಆರಂಭದಲ್ಲಿ ಜರ್ಮನಿಯ ನೇಗೆಲೆ ಅನ್ನುವ ವೈದ್ಯರ ಹೆಸರಿನಲ್ಲಿ ಚಾಲ್ತಿಗೆ ಬಂದ ಲೆಕ್ಕ ಇದು. ಮುಟ್ಟು ಸರಿಯಾಗಿ 28 ದಿನಕ್ಕೊಮ್ಮೆ ಆಗುತ್ತದೆ ಅಂತ ಅದು ಅಂದುಕೊಂಡಿದೆ. ಪಿಸಿಓಡಿ ಇದ್ದು 40 ದಿನಕ್ಕೊಮ್ಮೆ ಮುಟ್ಟಾಗುವವಳಿಗೆ ಇದೇ ಲೆಕ್ಕ ಹಾಕಿದರೆ, ಡೇಟ್ ದಾಟದಿದ್ದರೂ ದಾಟಿದ ಹಾಗೆ ಕಾಣುತ್ತದೆ. ಕರಾರುವಾಕ್ಕಾಗಿ ಡೇಟಿನ ದಿನವೇ ಹುಟ್ಟುವ ಮಕ್ಕಳು ನೂರಕ್ಕೆ ನಾಲ್ಕೋ ಐದೋ. ಹಾಗಾಗಿ ಡೇಟ್ ದಾಟಿದ ಮರುದಿನವೇ ಅತ್ತೆಮನೆ, ತೌರುಮನೆ ಎರಡೂ ಕಡೆಯಿಂದ "ಇನ್ನೂ ಆಗಿಲ್ವಾ?" ಅಂತ ಫೋನ್ ಬಂದರೆ ಗಾಬರಿ ಬೇಡ. 40 ವಾರ ದಾಟಿದ್ದು ರೋಗ ಅಲ್ಲ.

ಹಾಗಂತ ಡೇಟೇ ಸುಳ್ಳು ಅಂತ ತಳ್ಳಿಹಾಕಲೂ ಬರುವುದಿಲ್ಲ. ಮೊದಲ ಮೂರು ತಿಂಗಳಲ್ಲಿ ಮಾಡಿದ ಸ್ಕ್ಯಾನಿಂಗ್ ಇದ್ದರೆ ತಪ್ಪು ಹೆಚ್ಚೆಂದರೆ ಐದರಿಂದ ಏಳು ದಿನ. ಏಳನೇ ತಿಂಗಳಲ್ಲಿ ಮೊದಲ ಸ್ಕ್ಯಾನ್ ಮಾಡಿಸಿದ್ದರೆ ಮೂರು ವಾರ ಹಿಂದೆಮುಂದೆ ಆಗಬಹುದು. "ಯುಗಾದಿ ಆದ ಮೇಲೆ ಒಂದು ಸಲ ಹೊರಗಾಗಿದ್ದೆ" ಅನ್ನೋ ಲೆಕ್ಕದ ಮೇಲೆ ತಾಯಿ ಕಾರ್ಡಿನಲ್ಲಿ ಡೇಟ್ ಬರೆಸಿಕೊಂಡವರಿಗೆ ದಾಟಿದೆಯೋ ಇಲ್ಲವೋ ಹೇಳುವುದೇ ಕಷ್ಟ. ಡೇಟ್ ದಾಟಿದ ಮೇಲೆ ಏನು ಮಾಡಬೇಕು ಅನ್ನೋದು ನಿಂತಿರುವುದು ಎರಡು, ಮೂರನೇ ತಿಂಗಳಲ್ಲಿ ಮಾಡಿಸಿದ ಆ ಒಂದು ಸ್ಕ್ಯಾನಿನ ಮೇಲೆ.

41 ದಾಟಿದ ಮೇಲೆ ಒಳಗೆ ಏನಾಗುತ್ತದೆ? ಮಾಸು ಮಗುವಿಗೆ ಊಟ, ಉಸಿರು ಎರಡನ್ನೂ ಒದಗಿಸುತ್ತಿರುತ್ತದೆ. ದಿನ ಕಳೆದಂತೆ ಕೆಲವರಲ್ಲಿ ಅದರ ಶಕ್ತಿ ಕುಂದುತ್ತದೆ. ಎಲ್ಲರಲ್ಲೂ ಅಲ್ಲ, ಯಾರಲ್ಲಿ ಅಂತ ಮೊದಲೇ ಹೇಳಲೂ ಆಗುವುದಿಲ್ಲ. ಕಷ್ಟ ಇರುವುದೇ ಇಲ್ಲಿ. ಮಗುವಿನ ಸುತ್ತಲ ನೀರು ಕಮ್ಮಿಯಾಗುತ್ತದೆ. ನೀರು ಕಮ್ಮಿಯಾದರೆ ನೋವು ಬಂದಾಗ ಹೊಕ್ಕುಳಬಳ್ಳಿ ಒತ್ತಿಹೋಗುವ ಸಾಧ್ಯತೆ ಜಾಸ್ತಿ. ದಿನ ತುಂಬಿದ ಮಗು ಒಳಗೇ ಮೋಷನ್ ಮಾಡಿಕೊಳ್ಳುವುದೂ ಜಾಸ್ತಿ. ಅದು ಶ್ವಾಸಕೋಶಕ್ಕೆ ಹೋದರೆ ಹುಟ್ಟಿದ ಮೊದಲ ನಿಮಿಷಗಳಲ್ಲೇ ಸಹಾಯ ಬೇಕು. ಮಗು ದಪ್ಪಗಾಗಿ ಭುಜ ಸಿಕ್ಕಿಕೊಳ್ಳುವ ಅಪಾಯವೂ ಇದೆ. ಇವೆಲ್ಲಕ್ಕೂ ಇರುವ ಸಮಾನ ಗುಣ ಅಂದರೆ, ಬಂದಾಗ ಮುನ್ಸೂಚನೆ ಕೊಡದೆ ಬರುತ್ತವೆ, ಬಂದ ಮೇಲೆ ಕೆಲವೇ ನಿಮಿಷ ಬಿಡುವು ಕೊಡುತ್ತವೆ.

ಅಪಾಯದ ಗಾತ್ರವನ್ನು ಸರಿಯಾಗಿ ಹೇಳಬೇಕು. ಇಲ್ಲದಿದ್ದರೆ ಒಂದೋ ಹೆದರಿಸಿದಂತೆ, ಇಲ್ಲವೇ ಮರೆಮಾಚಿದಂತೆ. ಒಂದೂವರೆ ಕೋಟಿ ಬಸಿರುಗಳ ಲೆಕ್ಕ ಒಟ್ಟು ಮಾಡಿ 2019ರಲ್ಲಿ ಬಂದ ಅಧ್ಯಯನದ ಪ್ರಕಾರ, 40ರಿಂದ 41 ವಾರಕ್ಕೆ ಕಾದರೆ ಸುಮಾರು 1,450 ಬಸುರಿಯರಲ್ಲಿ ಒಬ್ಬರಿಗೆ ಹೆಚ್ಚುವರಿಯಾಗಿ ಹೊಟ್ಟೆಯಲ್ಲೇ ಮಗು ತೀರಿಕೊಳ್ಳುತ್ತದೆ. 42ಕ್ಕೆ ಬಂದಾಗ ಆ ಅಪಾಯ ಸಾವಿರಕ್ಕೆ ಮೂರರ ಹತ್ತಿರ ಇರುತ್ತದೆ. ಅಂದರೆ ಕಾದವರಲ್ಲಿ ಸಾವಿರಕ್ಕೆ 997 ಮಂದಿಯ ಮಗು ಹೀಗೆ ತೀರಿಕೊಳ್ಳುವುದಿಲ್ಲ. "ನಮ್ಮಜ್ಜಿ ಹತ್ತು ದಿನ ದಾಟಿಸಿ ಹೆತ್ತಿದ್ದರು, ಏನೂ ಆಗಲಿಲ್ಲ" ಅನ್ನೋ ಮಾತು ಹೆಚ್ಚುಕಮ್ಮಿ ಎಲ್ಲರ ಮನೆಯಲ್ಲೂ ನಿಜವಾಗಿರುವುದು ಅದಕ್ಕೇ.

ಕಾಯಬೇಕಾ, ನೋವು ಬರಿಸಬೇಕಾ ಅನ್ನೋದನ್ನು ನೇರವಾಗಿ ಹೋಲಿಸಿದ ಎರಡು ದೊಡ್ಡ ಪ್ರಯೋಗಗಳು 2019ರಲ್ಲೇ ಬಂದವು. ಒಂದು ನೆದರ್‌ಲ್ಯಾಂಡ್ಸ್‌ನದು. ಅಲ್ಲಿ 1,801 ಬಸುರಿಯರಲ್ಲಿ ಅರ್ಧ ಜನರಿಗೆ 41 ತುಂಬಿದ ಕೂಡಲೇ ನೋವು ಬರಿಸಿದರು, ಉಳಿದವರಿಗೆ 42ರವರೆಗೆ ಕಾದರು. ಮಗುವಿಗೆ ತೊಂದರೆಯಾದದ್ದು ಮೊದಲ ಗುಂಪಿನಲ್ಲಿ ನೂರಕ್ಕೆ 1.7, ಕಾದವರಲ್ಲಿ 3.1. ಸಿಸೇರಿಯನ್ ಎರಡೂ ಕಡೆ ಒಂದೇ, ನೂರಕ್ಕೆ ಹನ್ನೊಂದರ ಹತ್ತಿರ. ಇನ್ನೊಂದು ಸ್ವೀಡನ್ನಿನದು. ಹತ್ತು ಸಾವಿರ ಜನರನ್ನು ಸೇರಿಸಿಕೊಳ್ಳಬೇಕು ಅಂತಿತ್ತು. 2,760 ಆಗುವಷ್ಟರಲ್ಲಿ ನಿಲ್ಲಿಸಿಬಿಟ್ಟರು. ಕಾದವರ ಗುಂಪಿನಲ್ಲಿ ಆರು ಮಕ್ಕಳು ತೀರಿಕೊಂಡಿದ್ದವು, ನೋವು ಬರಿಸಿದವರಲ್ಲಿ ಒಂದೂ ಇಲ್ಲ. ಮುಂದುವರಿಸುವುದು ನ್ಯಾಯವಲ್ಲ ಅಂತ ಕಂಡಿತು. ಇದರಲ್ಲೇ ಇನ್ನೊಂದು ಎಳೆ ಇದೆ. ಸ್ಟಾಕ್‌ಹೋಮ್ ಭಾಗದಲ್ಲಿ 41ಕ್ಕೆ ಎಲ್ಲರಿಗೂ ಸ್ಕ್ಯಾನ್ ಮಾಡುತ್ತಿದ್ದರು. ಆರು ಸಾವುಗಳಲ್ಲಿ ಒಂದೂ ಅಲ್ಲಿನದಲ್ಲ. ಅಂದರೆ ಕಾಯುವುದಕ್ಕೂ ಕಣ್ಣಿಟ್ಟು ಕಾಯುವುದಕ್ಕೂ ವ್ಯತ್ಯಾಸ ಇರಬಹುದು.

ಈ ಪ್ರಯೋಗಗಳನ್ನು ಒಟ್ಟಿಗೆ ಇಟ್ಟು ನೋಡಿದಾಗ, ಬೇಗ ನೋವು ಬರಿಸಿದ್ದರ ಲಾಭ ಮುಖ್ಯವಾಗಿ ಕಾಣಿಸಿದ್ದು ಚೊಚ್ಚಲ ಬಸುರಿಯರಲ್ಲಿ. ಎರಡನೆಯದೋ ಮೂರನೆಯದೋ ಆದವರಲ್ಲಿ ಅಷ್ಟು ಕಾಣಲಿಲ್ಲ. ಮನೆ ಹೆರಿಗೆಯ ಲೆಕ್ಕದಲ್ಲೂ ಇದೇ ಗೆರೆ ಬರುತ್ತದೆ. ಇಂಗ್ಲೆಂಡಿನಲ್ಲಿ ಅಪಾಯ ಕಮ್ಮಿ ಇರುವ 64,000ಕ್ಕೂ ಹೆಚ್ಚು ಬಸುರಿಯರ ಮೇಲೆ ನಡೆದು 2011ರಲ್ಲಿ ಬಂದ ಅಧ್ಯಯನ ಇದನ್ನು ಚೆನ್ನಾಗಿ ತೋರಿಸುತ್ತದೆ. ಹಿಂದೆ ಹೆತ್ತವರಿಗೆ ಮನೆಯಾದರೂ ಒಂದೇ, ಆಸ್ಪತ್ರೆಯಾದರೂ ಒಂದೇ. ಚೊಚ್ಚಲವಾದರೆ, ಮಗುವಿಗೆ ಗಂಭೀರ ತೊಂದರೆ ಆಸ್ಪತ್ರೆಯಲ್ಲಿ ಸಾವಿರಕ್ಕೆ 5.3 ಇದ್ದದ್ದು ಮನೆ ಹೆರಿಗೆ ಪ್ಲಾನ್ ಮಾಡಿದವರಲ್ಲಿ 9.3 ಆಯಿತು. ಮನೆಯಲ್ಲಿ ಶುರು ಮಾಡಿದ ಚೊಚ್ಚಲ ಬಸುರಿಯರಲ್ಲಿ ನೂರಕ್ಕೆ 45 ಮಂದಿಯನ್ನು ಆಸ್ಪತ್ರೆಗೆ ಸಾಗಿಸಬೇಕಾಯಿತು. ಅಷ್ಟು ಜನರನ್ನು ಸಾಗಿಸಿದ್ದು ಸೋಲು ಅಂತ ಕೆಲವರು ಓದುತ್ತಾರೆ. ನನಗೆ ಅದು ವ್ಯವಸ್ಥೆ ಕೆಲಸ ಮಾಡಿದ್ದರ ಗುರುತು. ನೂರರಲ್ಲಿ 45 ಜನರಿಗೆ ಗಾಡಿ ಸಿಕ್ಕಿತು, ಬೆಡ್ ಸಿಕ್ಕಿತು ಅಂತ ಅರ್ಥ.

ನೆದರ್‌ಲ್ಯಾಂಡ್ಸ್‌ನಲ್ಲಿ ಐದು ಲಕ್ಷಕ್ಕೂ ಹೆಚ್ಚು ಹೆರಿಗೆಗಳನ್ನು ನೋಡಿ, ಮನೆಯಲ್ಲೂ ಆಸ್ಪತ್ರೆಯಲ್ಲೂ ಮಗುವಿನ ಸಾವಿನ ಪ್ರಮಾಣ ಒಂದೇ ಅಂತ 2009ರಲ್ಲಿ ಒಂದು ದೊಡ್ಡ ಅಧ್ಯಯನ ಹೇಳಿತು. ಮನೆ ಹೆರಿಗೆ ಪರ ವಾದ ಮಾಡುವವರು ಇದನ್ನೇ ಹಿಡಿದುಕೊಳ್ಳುತ್ತಾರೆ, ಹಿಡಿದುಕೊಳ್ಳಲಿ. ಆದರೆ ಅದರೊಳಗೆ ಇದ್ದವರು ನೋವು ಶುರುವಾದಾಗ ಸೂಲಗಿತ್ತಿಯ ಕೈಯಲ್ಲೇ ಇದ್ದವರು. 42 ದಾಟಿದವರನ್ನು ಅಷ್ಟರಲ್ಲಿ ಡಾಕ್ಟರ ಕಡೆ ಕಳಿಸಿ ಆಗಿತ್ತು. ಅವರು ಆ ಲೆಕ್ಕದಲ್ಲಿ ಇಲ್ಲವೇ ಇಲ್ಲ. ಇಲ್ಲದವರಿಗೆ ಅದರ ಭರವಸೆ ಅನ್ವಯಿಸುವುದು ಹೇಗೆ?

ಹಾಗಾದರೆ ಐಂಡ್‌ಹೋವನ್ನಿನಲ್ಲಿ ಮನೆ ಹೆರಿಗೆ ಅಂದುಕೊಂಡಿದ್ದ ಕನ್ನಡದ ಹುಡುಗಿಗೆ 41 ಆದಾಗ ಏನಾಗುತ್ತದೆ? ಮನೆಯ ಆಸೆ ಅಲ್ಲಿಗೇ ಮುಗಿಯುವುದಿಲ್ಲ. ಸೂಲಗಿತ್ತಿ ಕೂತು ಮಾತಾಡುತ್ತಾಳೆ. 41ಕ್ಕೆ ನೋವು ಬರಿಸಿಕೊಳ್ಳುವುದಾ, 42ರವರೆಗೆ ಕಾಯುವುದಾ ಅಂತ ಎರಡೂ ಕಡೆಯ ಲೆಕ್ಕ ಮುಂದಿಡುತ್ತಾಳೆ. ತೀರ್ಮಾನ ಬಸುರಿಯದು. ಕಾಯುತ್ತೇನೆ ಅಂದರೆ ಮಗುವಿನ ಎದೆಬಡಿತದ ಪಟ್ಟಿ ತೆಗೆಯುತ್ತಾರೆ, ನೀರು ಎಷ್ಟಿದೆ ಅಂತ ಸ್ಕ್ಯಾನ್ ಮಾಡುತ್ತಾರೆ. ಒಂದೇ ಕಡೆ ಆಳವಾಗಿ ಅಳೆದಾಗ ಎರಡು ಸೆಂಟಿಮೀಟರಿಗಿಂತ ಕಮ್ಮಿ ಇದ್ದರೆ ಕಾಯುವ ಮಾತು ಮುಗಿಯುತ್ತದೆ. ಒಪ್ಪಿದರೆ ಬೆರಳಿನಿಂದ ಗರ್ಭದ ಬಾಯಿ ಸುತ್ತ ಪೊರೆ ಬಿಡಿಸುತ್ತಾಳೆ. ಇದನ್ನು ಮನೆಯಲ್ಲೇ ಮಾಡಬಹುದು. ಒಂದೆರಡು ನಿಮಿಷದ ಕೆಲಸ, ನೋವಾಗುತ್ತದೆ, ಸ್ವಲ್ಪ ರಕ್ತ ಕಾಣಬಹುದು. ಆದರೆ ಎಷ್ಟೋ ಜನರಿಗೆ ಒಂದೆರಡು ದಿನದಲ್ಲಿ ನೋವು ತಾನಾಗಿ ಶುರುವಾಗುತ್ತದೆ. ಹಾಗಾದರೆ ಮನೆ ಹೆರಿಗೆಗೆ ಇನ್ನೂ ದಾರಿ ಇದೆ. ಆದರೆ ನೋವು ಶುರುವಾದ ಮೇಲೆ ನೀರು ಹಸಿರಾಗಿ ಕಂಡರೆ ತಕ್ಷಣ ಆಸ್ಪತ್ರೆ. ಜೆಲ್ ಇಟ್ಟೋ, ಡ್ರಿಪ್ ಹಾಕಿಯೋ ನೋವು ಬರಿಸಿದರೆ ಹೆರಿಗೆ ಮನೆಯಲ್ಲಿ ಆಗುವಂತಿಲ್ಲ. ಡ್ರಿಪ್ ಜೋರಾದರೆ ನೋವಿನ ಮೇಲೆ ನೋವು ಬಂದು ಮಗುವಿಗೆ ಉಸಿರು ಕಟ್ಟಬಹುದು. ಅದನ್ನು ನೋಡಿಕೊಳ್ಳಲು ನಿರಂತರ ಮಾನಿಟರ್ ಬೇಕು.

ಭಾರತದ ಮೂಲದವರಿಗೆ ಇಲ್ಲಿ ಬೇರೆಯೇ ಒಂದು ಮಾತಿದೆ. ಲಂಡನ್ನಿನ ಆಸ್ಪತ್ರೆಗಳ ಲೆಕ್ಕದಲ್ಲಿ, ದಕ್ಷಿಣ ಏಷ್ಯಾ ಮೂಲದ ಹೆಂಗಸರಿಗೆ ಹೆರಿಗೆ ಆಗುವುದು ಸಾಮಾನ್ಯವಾಗಿ 39 ವಾರಕ್ಕೆ, ಬಿಳಿಯರಿಗೆ 40ಕ್ಕೆ ಅಂತ 2004ರಲ್ಲೇ ಕಂಡಿತ್ತು. ಮೆಲ್ಬರ್ನಿನ ಮೊನಾಶ್ ಆಸ್ಪತ್ರೆ ಸಮೂಹ 2017ರಿಂದ ದಕ್ಷಿಣ ಏಷ್ಯಾದಲ್ಲಿ ಹುಟ್ಟಿದ ಬಸುರಿಯರಿಗೆ 39 ವಾರದಿಂದಲೇ ಮಗುವಿನ ಎದೆಬಡಿತ, ನೀರು ನೋಡಲು ಶುರು ಮಾಡಿತು. ಇಂಗ್ಲೆಂಡಿನಲ್ಲಿ ಮಾತ್ರ ವಿಷಯ ಬೇರೆ ಥರ ತಿರುಗಿತು. ಅಲ್ಲಿ ಚಿಕಿತ್ಸೆಯ ಮಾರ್ಗಸೂಚಿ ಬರೆಯುವ ನೈಸ್ ಸಂಸ್ಥೆ 2021ರ ಕರಡಿನಲ್ಲಿ ಕಪ್ಪು ಮತ್ತು ಏಷ್ಯಾ ಮೂಲದವರಿಗೆ 39ಕ್ಕೇ ನೋವು ಬರಿಸಬಹುದು ಅಂದಾಗ ದೊಡ್ಡ ಗಲಾಟೆ ಆಯಿತು. ಚರ್ಮದ ಬಣ್ಣ ನೋಡಿ ಹೆರಿಗೆ ಮಾಡಿಸುತ್ತೀರಾ ಅಂತ ಕೇಳಿದರು. ಕೊನೆಯ ಆವೃತ್ತಿಯಲ್ಲಿ ಅದನ್ನು ತೆಗೆದರು. ಎಲ್ಲರಿಗೂ 41ರಿಂದ ಅಂತ ಉಳಿಯಿತು. ನೋವು ಬರಿಸಿ ಅನ್ನೋದಕ್ಕಿಂತ ಬೇಗ ಕಣ್ಣಿಡಿ ಅನ್ನೋ ಮೆಲ್ಬರ್ನಿನ ದಾರಿಯೇ ನನಗೆ ಹೆಚ್ಚು ಸರಿ ಅನ್ನಿಸುತ್ತದೆ. ಹೊರದೇಶದಲ್ಲಿರುವ ಕನ್ನಡದ ಬಸುರಿ ಇದನ್ನು ತನ್ನ ಸೂಲಗಿತ್ತಿಯ ಹತ್ತಿರ ಬಾಯಿಬಿಟ್ಟು ಕೇಳಬೇಕು. ಕೇಳದಿದ್ದರೆ ಬಹುಶಃ ಯಾರೂ ಹೇಳುವುದಿಲ್ಲ.

ಎಲ್ಲ ಕಡೆಯೂ ಒಂದೇ ಆಗಿರುವ ನಿಯಮವೂ ಒಂದಿದೆ. ಮಗು ಆಡುವುದು ಕಮ್ಮಿಯಾದರೆ ಅದೇ ಹೊತ್ತಿಗೆ ಫೋನ್ ಮಾಡಬೇಕು. "ಮಗು ದೊಡ್ಡದಾಯ್ತು, ಜಾಗ ಇಲ್ಲ, ಅದಕ್ಕೇ ಆಡ್ತಿಲ್ಲ" ಅನ್ನೋದು ಹಿರಿಯರು ಪ್ರೀತಿಯಿಂದ ಹೇಳುವ ತಪ್ಪು ಮಾತು. ದಿನ ತುಂಬಿದ ಮೇಲೂ ಮಗು ಆಡುತ್ತಲೇ ಇರಬೇಕು. ಜ್ಯೂಸ್ ಕುಡಿದು ನೋಡೋಣ, ಬೆಳಗ್ಗೆ ನೋಡೋಣ, ಅಮಾವಾಸ್ಯೆ ಕಳೀಲಿ ಅಂತ ಕೂರುವ ಹಾಗಿಲ್ಲ. ಮೊನ್ನೆ ತೆಗೆದ ಎದೆಬಡಿತದ ಪಟ್ಟಿ ಚೆನ್ನಾಗಿತ್ತು ಅನ್ನೋದೂ ಇವತ್ತಿಗೆ ಗ್ಯಾರಂಟಿ ಅಲ್ಲ.

ಈಗ ನಮ್ಮ ಕಡೆಗೆ. ಕುಟುಂಬ ಆರೋಗ್ಯ ಸಮೀಕ್ಷೆಯ ಐದನೇ ಸುತ್ತಿನ ಪ್ರಕಾರ ಕರ್ನಾಟಕದಲ್ಲಿ ನೂರಕ್ಕೆ 97 ಹೆರಿಗೆ ಆಸ್ಪತ್ರೆಯಲ್ಲೇ ಆಗುತ್ತವೆ. ಆಶಾ ಕಾರ್ಯಕರ್ತೆಯರು ಮನೆಮನೆ ಸುತ್ತಿದ್ದು, 108 ಗಾಡಿ, ಜನನಿ ಸುರಕ್ಷಾ, ಮಡಿಲು ಕಿಟ್ ಎಲ್ಲ ಸೇರಿ ಆದದ್ದು ಇದು. ಪಾವಗಡದ ಸೂಲಗಿತ್ತಿ ನರಸಮ್ಮ ಹದಿನೈದು ಸಾವಿರಕ್ಕೂ ಹೆಚ್ಚು ಹೆರಿಗೆ ಮಾಡಿಸಿದವರು, 2018ರಲ್ಲಿ ಪದ್ಮಶ್ರೀ ಬಂತು, ಅದೇ ವರ್ಷ ತೀರಿಕೊಂಡರು. ಅಂಥ ಕೈಗಳು ಈಗ ಹಳ್ಳಿಗಳಲ್ಲಿ ಇಲ್ಲ. ಹಾಗಾಗಿ "ಹಿಂದೆಲ್ಲ ಮನೆಯಲ್ಲೇ ಆಗ್ತಿತ್ತು" ಅನ್ನೋ ಮಾತಿಗೆ ಈಗ ಕೈಯೂ ಇಲ್ಲ, ನೆದರ್‌ಲ್ಯಾಂಡ್ಸ್‌ನ ಆ ಪಟ್ಟಿಯೂ ಇಲ್ಲ. ಉಳಿದಿರುವುದು ಮೊಬೈಲು. 2018ರಲ್ಲಿ ತಿರುಪ್ಪೂರಿನಲ್ಲಿ ಯೂಟ್ಯೂಬ್ ನೋಡಿ ಮನೆಯಲ್ಲೇ ಹೆರಿಗೆ ಮಾಡಿಸಲು ಹೋಗಿ ತಾಯಿ ರಕ್ತಸ್ರಾವದಿಂದ ತೀರಿಕೊಂಡಳು. 2025ರ ಏಪ್ರಿಲ್‌ನಲ್ಲಿ ಕೇರಳದ ಮಲಪ್ಪುರಂನಲ್ಲಿ ಐದನೇ ಹೆರಿಗೆಯಲ್ಲಿ ಇನ್ನೊಬ್ಬ ತಾಯಿ ಹೋದಳು. ಎರಡೂ ಕಡೆ ಪೊಲೀಸರು ಬಂದಿದ್ದು ಆಮೇಲೆ.

ಡೇಟ್ ದಾಟಿದವರ ಮನೆಯಲ್ಲಿ ಶುರುವಾಗುವ ಔಷಧಗಳ ಬಗ್ಗೆಯೂ ಹೇಳಬೇಕು. ಸುಳ್ಳು ನೋವೋ ನಿಜವಾದ ನೋವೋ ಅಂತ ನೋಡಲು ತುಪ್ಪ ಹಾಕಿದ ಜೀರಿಗೆ ಕಷಾಯ ಕೊಡುತ್ತಾರೆ. ಕುಡಿಯಲಿ, ತೊಂದರೆ ಇಲ್ಲ. ಹರಳೆಣ್ಣೆ ಕುಡಿಸುವುದು ಬೇರೆ ಮಾತು. ಭೇದಿಯಾಗಿ ಬಸುರಿ ಸುಸ್ತಾಗುತ್ತಾಳೆ, ಆಮೇಲೆ ನಿಜವಾದ ನೋವಿಗೆ ಶಕ್ತಿ ಇರುವುದಿಲ್ಲ. ಮನೆಗೇ ಬಂದು "ನೋವು ಬರೋ ಇಂಜೆಕ್ಷನ್" ಕೊಡುತ್ತೇನೆ ಅನ್ನುವವರನ್ನು ಮಾತ್ರ ಬಾಗಿಲಿನಿಂದಲೇ ಕಳಿಸಬೇಕು. ಆಸ್ಪತ್ರೆಯಲ್ಲಿ ಹನಿಹನಿಯಾಗಿ ಅಳೆದು ಕೊಡುವ ಔಷಧ ಅದು. ಒಂದೇ ಸಲ ಸೂಜಿಯಲ್ಲಿ ಕೊಟ್ಟರೆ ಗರ್ಭಕೋಶವೇ ಹರಿಯಬಹುದು.

ಆದರೆ ಜನ ಮನೆ ಹೆರಿಗೆ ಕಡೆ ವಾಲುವುದು ಸುಮ್ನೆ ಅಲ್ಲ. ಅದೇ ಸಮೀಕ್ಷೆಯಲ್ಲಿ ಕರ್ನಾಟಕದ ಸಿಸೇರಿಯನ್ ನೂರಕ್ಕೆ 31.5. ಖಾಸಗಿ ಆಸ್ಪತ್ರೆಗಳಲ್ಲಿ ಅರ್ಧಕ್ಕಿಂತ ಜಾಸ್ತಿ. 2024ರ ನವೆಂಬರ್‌ನಲ್ಲಿ ಬಳ್ಳಾರಿಯ ಜಿಲ್ಲಾಸ್ಪತ್ರೆಯಲ್ಲಿ ಸಿಸೇರಿಯನ್ ಆದ ಬಾಣಂತಿಯರು ಒಬ್ಬರ ಹಿಂದೆ ಒಬ್ಬರು ತೀರಿಕೊಂಡು, ಡ್ರಿಪ್ಪಿನ ದ್ರಾವಣದ ಮೇಲೆ ಅನುಮಾನ ಬಂದದ್ದು ಯಾರೂ ಮರೆತಿಲ್ಲ. ಡೇಟ್ ದಾಟಿದೆ ಅಂತ ಅಡ್ಮಿಟ್ ಆದರೆ ಡ್ರಿಪ್ ಹಾಕುತ್ತಾರೆ, ಸಂಜೆಯೊಳಗೆ "ಪ್ರೋಗ್ರೆಸ್ ಇಲ್ಲ" ಅಂತ ಆಪರೇಷನ್ನಿಗೆ ಸಹಿ ಕೇಳುತ್ತಾರೆ ಅನ್ನೋ ಭಯ ಕಟ್ಟುಕತೆಯಲ್ಲ. (ಒಳ್ಳೆ ನಕ್ಷತ್ರ ಇದೆ ಅಂತ 38 ವಾರಕ್ಕೇ ಆಪರೇಷನ್ ಬುಕ್ ಮಾಡುವ ಮನೆಗಳೂ ಇವೆ, ಅದು ಬಿಡಿ.) ಆದರೆ ನೆದರ್‌ಲ್ಯಾಂಡ್ಸ್ ಮತ್ತು ಸ್ವೀಡನ್ನಿನ ಲೆಕ್ಕ ನೋಡಿದರೆ, ನೋವು ಬರಿಸಿದ್ದರಿಂದ ಸಿಸೇರಿಯನ್ ಜಾಸ್ತಿಯಾಗಲಿಲ್ಲ ಅಲ್ವಾ? ಅಲ್ಲಿ ಜೆಲ್, ಬಲೂನು ಇಟ್ಟು ಗರ್ಭದ ಬಾಯಿ ಮೆದುವಾಗಲು ಒಂದು ದಿನ, ಎರಡು ದಿನ ಬಿಡುತ್ತಾರೆ. ಬಸುರಿ ಓಡಾಡುತ್ತಾಳೆ, ಪಕ್ಕದಲ್ಲಿ ಒಬ್ಬ ಸೂಲಗಿತ್ತಿ ಇರುತ್ತಾಳೆ. ಹೀಗೆ ನೋಡಿದರೆ ನಮ್ಮಲ್ಲಿ ಆಪರೇಷನ್ ಜಾಸ್ತಿಯಾಗಲು ನೋವು ಬರಿಸೋ ಔಷಧಕ್ಕಿಂತ ಅವಸರ ಮತ್ತು ಕೈ ಕಮ್ಮಿ ಇರುವುದೇ ಕಾರಣ ಅನ್ನಿಸುತ್ತದೆ.

ಕೇಂದ್ರ ಸರ್ಕಾರ 2018ರ ಡಿಸೆಂಬರ್‌ನಲ್ಲಿ ಸೂಲಗಿತ್ತಿ ಸೇವೆಯ ಮಾರ್ಗಸೂಚಿ ತಂದಿತು. ನರ್ಸ್‌ಗಳಿಗೆ 18 ತಿಂಗಳ ತರಬೇತಿ ಕೊಟ್ಟು, ಸರ್ಕಾರಿ ಆಸ್ಪತ್ರೆಗಳ ಒಳಗೇ ಅವರ ಘಟಕ ಮಾಡಿ, ತೊಂದರೆ ಇಲ್ಲದ ಹೆರಿಗೆಗಳನ್ನು ಅವರಿಗೆ ಬಿಡುವುದು ಅದರ ಉದ್ದೇಶ. ತೆಲಂಗಾಣ ಅದಕ್ಕೂ ಮೊದಲೇ ಶುರು ಮಾಡಿತ್ತು. ಮನೆ ಹೆರಿಗೆ ಬಯಸುವವರು ನಿಜವಾಗಿ ಬಯಸುವುದೂ ಬಹಳಷ್ಟು ಇದನ್ನೇ: ಗೊತ್ತಿರುವ ಮುಖ, ಗಂಡನೋ ಅಮ್ಮನೋ ಪಕ್ಕದಲ್ಲಿ ಇರುವುದು, ಬೈಗುಳ ಇಲ್ಲದಿರುವುದು, ಸುಮ್ಮನೆ ಕತ್ತರಿ ಹಾಕದಿರುವುದು. ಇವನ್ನು ಕೇಳಲು ಮನೆಯಲ್ಲೇ ಹೆರಬೇಕಾಗಿಲ್ಲ. ಡೇಟ್ ಹತ್ತಿರ ಬಂದವರು ಡಾಕ್ಟರಿಗೆ ಕೇಳಬೇಕಾದ ಪ್ರಶ್ನೆಗಳೂ ಇವೆ. ನನ್ನ ಡೇಟ್ ಯಾವ ಸ್ಕ್ಯಾನ್ ಮೇಲೆ ಹಾಕಿದ್ದು? 41ಕ್ಕೆ ನೀರು, ಎದೆಬಡಿತ ನೋಡುತ್ತೀರಾ? ಪೊರೆ ಬಿಡಿಸಿ ನೋಡಬಹುದಾ? ಜೆಲ್ ಇಟ್ಟ ಮೇಲೆ ಎಷ್ಟು ಹೊತ್ತು ಕಾಯುತ್ತೀರಿ? ಈ ಕೊನೆಯ ಪ್ರಶ್ನೆಗೆ ಗಂಟೆಗಳಲ್ಲಿ ಉತ್ತರ ಕೊಡದೆ "ನೋಡೋಣ" ಅಂದರೆ, ಇನ್ನೂ 38ನೇ ವಾರದಲ್ಲಿದ್ದರೆ, ಬೇರೆ ಡಾಕ್ಟರನ್ನು ಹುಡುಕಲು ಟೈಮ್ ಇದೆ.

ಹೊರದೇಶದಲ್ಲಿರುವವರಿಗೆ ಇನ್ನೊಂದು ಸಣ್ಣ ಲೆಕ್ಕ. ಬಾಣಂತನಕ್ಕೆ ಊರಿನಿಂದ ಬರುವ ಅಮ್ಮನಿಗೆ ಷೆಂಗೆನ್ ವೀಸಾ ಸಿಗುವುದು 90 ದಿನಕ್ಕೆ. ಡೇಟಿಗೆ ಒಂದು ತಿಂಗಳು ಮೊದಲೇ ಕರೆಸಿಕೊಂಡು, ಮಗು 42ರ ಹತ್ತಿರ ಹುಟ್ಟಿದರೆ, ಅರ್ಧ ವೀಸಾ ಕಾಯುವುದರಲ್ಲೇ ಹೋಗಿರುತ್ತದೆ. ಅಮ್ಮನ ವಾಪಸ್ ಟಿಕೆಟ್ ನೋಡಿ ನೋವು ಬರಿಸಿಕೊಳ್ಳೋಣ ಅನ್ನೋ ಯೋಚನೆ ಬರುವುದು ಆಗಲೇ. ಅಮ್ಮ ಬರುವ ಟಿಕೆಟ್ಟನ್ನು 40ನೇ ವಾರಕ್ಕೆ ಹಾಕಿಸಿ. ನೆದರ್‌ಲ್ಯಾಂಡ್ಸ್‌ನಲ್ಲಾದರೆ ಮೊದಲ ವಾರ ಬಾಣಂತಿ ನೋಡಿಕೊಳ್ಳೋ ಆ ನರ್ಸ್ ಇದ್ದೇ ಇರುತ್ತಾಳೆ.